ಬಾವಿಯಲ್ಲಿ ಈಜು ಕಲಿತವರು ಮುಳುಗಿದ ಹಡಗು ನೋಡಲು ಹೊರಟಾಗ

ಪಾವಗಡ, ಮುಳಬಾಗಿಲು, ಶಿಡ್ಲಘಟ್ಟದ ಕಡೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರಿಗೆ ನೀರಿನ ಭಯ ಇರುವುದಿಲ್ಲ. ಮುಳುಗಿದ ಹಡಗು ನೋಡಲು ಬೇಕಾದ ಸ್ಕೂಬಾಕ್ಕೆ, ಅಂದರೆ ಬೆನ್ನಿನ ಸಿಲಿಂಡರ್‌ನಿಂದ ಉಸಿರಾಡುತ್ತ ನೀರಿನಡಿ ಈಜುವುದಕ್ಕೆ, ಅದು ಒಳ್ಳೆಯ ಆರಂಭ. ಆದರೆ ಬಾವಿ ಕಲಿಸಿದ ಎರಡು ಅಭ್ಯಾಸಗಳನ್ನು, ಉಸಿರು ಕಟ್ಟುವುದನ್ನೂ ಕಾಲು ಬಡಿಯುವುದನ್ನೂ, ಬಿಟ್ಟೇ ಹೋಗಬೇಕು.

ಬಾವಿಗೆ ಹಾರುವ ಮುನ್ನ ಎಳೆದುಕೊಂಡ ಉಸಿರು ಮೇಲೆ ಬಂದಾಗಲೂ ಅಷ್ಟೇ ಇರುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ಸಿಲಿಂಡರ್‌ನಿಂದ ಎಳೆದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಹಾಗಾಗಿ ಉಸಿರಾಟ ಎಂದೂ ನಿಲ್ಲಬಾರದು. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು, ಕೊನೆಗೆ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಬೇಕು.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ತರಬೇತುದಾರರು ಹಿಡಿದುಕೊಂಡು ಮಾಡಿಸುವ ಒಂದು ಡೈವ್ ಪರಿಚಯಕ್ಕೆ ಮಾತ್ರ. ಮುಳುಗಿದ ಹಡಗು ನೋಡಲು ಓಪನ್ ವಾಟರ್ ಎಂಬ ಮೊದಲ ಹಂತದ ಸ್ಕೂಬಾ ಕೋರ್ಸ್ ಬೇಕೇ ಬೇಕು. ಅದನ್ನು ಮುಗಿಸಿದವರ ಆಳದ ಮಿತಿ 18 ಮೀಟರ್, ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸಿನದು 30. ಆಸ್ತಮಾ, ಕಿವಿಯ ಆಪರೇಷನ್, ಹೃದಯದ ತೊಂದರೆ ಇದ್ದವರು ದುಡ್ಡು ಕಟ್ಟುವ ಮೊದಲೇ ಡಾಕ್ಟರನ್ನು ಕೇಳಿ. ನೆಗಡಿ ಇದ್ದ ದಿನ ಯಾರೂ ಇಳಿಯಬಾರದು.

ಮೊದಲ ಹಡಗಾಗಿ ಬಾಲಿಯ ತುಲಾಂಬೆನ್‌ನಲ್ಲಿರುವ ಲಿಬರ್ಟಿಯನ್ನು ಧೈರ್ಯವಾಗಿ ಹೇಳಬಹುದು. ಈ ಅಮೆರಿಕನ್ ಸರಕು ಹಡಗಿಗೆ 1942ರ ಜನವರಿಯಲ್ಲಿ ಜಪಾನಿ ಸಬ್‌ಮರೀನ್ ಟಾರ್ಪೆಡೊ ಹೊಡೆಯಿತು. ಎಳೆದು ತಂದು ದಡಕ್ಕೆ ಹತ್ತಿಸಿದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಮತ್ತೆ ಸಮುದ್ರಕ್ಕೆ ಜಾರಿತು. ಸುಮಾರು 120 ಮೀಟರ್ ಉದ್ದದ ಒಡಲು 5ರಿಂದ 30 ಮೀಟರ್ ಆಳದವರೆಗೆ ದಡಕ್ಕೆ ಸಮಾನಾಂತರವಾಗಿ ಮಲಗಿದೆ. ದೋಣಿಯೂ ಬೇಡ, ದಡದಿಂದಲೇ ಇಳಿಯಬಹುದು. ಆದರೆ ದಡವೆಲ್ಲ ಉರುಟು ಕಪ್ಪು ಕಲ್ಲು, ಅಲೆ ಬಂದಾಗ ಉರುಳುತ್ತವೆ. ಗಟ್ಟಿ ಅಡಿಯ ಡೈವಿಂಗ್ ಬೂಟೇ ಬೇಕು, ಫಿನ್ (ಈಜಲು ಪಾದಕ್ಕೆ ಹಾಕುವ ರೆಕ್ಕೆ) ಹಾಕುವುದು ಸೊಂಟದ ನೀರಿಗೆ ಹೋದ ಮೇಲೆ. ಬೆಳಗ್ಗೆ ಬೇಗ ಹೋದರೆ ಜನ ಕಡಿಮೆ. ಶ್ರೀಲಂಕಾದ ಬಟ್ಟಿಕಲೋವಾ ಬಳಿ 1942ರ ಏಪ್ರಿಲ್ 9ರಂದು ಮುಳುಗಿದ ವಿಮಾನವಾಹಕ ಹಡಗು ಎಚ್‌ಎಂಎಸ್ ಹರ್ಮಿಸ್ ಹೆಸರು ಕೇಳಿ ಆಸೆಪಡಬೇಡಿ. ಅದು 50 ಮೀಟರಿಗೂ ಆಳದಲ್ಲಿದೆ, ತೀರಾ ಆಳಕ್ಕೆ ಇಳಿಯುವ ಟೆಕ್ನಿಕಲ್ ತರಬೇತಿ ಪಡೆದವರಿಗೆ ಮಾತ್ರ.

ಈಗ ಕಾಲಿನ ವಿಚಾರ. ಕೆರೆಗೆ ಎಮ್ಮೆ ಇಳಿದರೆ ನೀರು ಹೇಗೆ ಕದಡುತ್ತದೋ, ಹಡಗಿನ ಹೂಳೂ ಹಾಗೆಯೇ ಏಳುತ್ತದೆ. ಒಳಕೋಣೆಯಲ್ಲಿ ಎದ್ದ ಹೂಳು ಬೇಗ ಕೂರುವುದಿಲ್ಲ, ಟಾರ್ಚ್ ಹಾಕಿದರೂ ಮುಂದಿರುವ ಕೈ ಕಾಣುವುದಿಲ್ಲ. ಮೇಲೆ ಕೆಳಗೆ ಬಡಿಯುವ ಈಜು ಬಿಟ್ಟು, ಮಂಡಿ ಮಡಿಸಿ ಪಾದಗಳನ್ನು ಪಕ್ಕಕ್ಕೆ ತಳ್ಳುವ ಕಪ್ಪೆ ಒದೆತ ಕಲಿಯಿರಿ. ತುಮಕೂರಿನದೋ ಬೆಂಗಳೂರಿನದೋ ಈಜುಕೊಳದಲ್ಲೇ ಇದನ್ನು ರೂಢಿಸಬಹುದು. ಕೈ ಆಡಿಸದೆ ಒಂದೇ ಆಳದಲ್ಲಿ ಒಂದು ನಿಮಿಷ ತೇಲಿ ನಿಲ್ಲಲು ಬಂದ ಮೇಲೆ ಹಡಗು ನೋಡುವ ಪ್ರಯಾಣದ ಟಿಕೆಟ್ ತೆಗೆಯಿರಿ.

ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಈಜುಕೊಳದಲ್ಲಿ ಸರಿಹೋದರೂ ಸಮುದ್ರದಲ್ಲಿ ಸಾಲದು. ಉಪ್ಪುನೀರು ಹೆಚ್ಚು ತೇಲಿಸುತ್ತದೆ, ಹೆಚ್ಚುಕಡಿಮೆ 2 ಕಿಲೊ ಸೀಸ ಸೇರಿಸಬೇಕಾಗುತ್ತದೆ. ಸಿಲಿಂಡರ್‌ನಲ್ಲಿ 50 ಬಾರ್ (ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ) ಉಳಿದಾಗ, ತೇಲಲು ಗಾಳಿ ತುಂಬುವ ಜಾಕೆಟ್ ಖಾಲಿ ಮಾಡಿ, ಮೇಲ್ಮೈಯಲ್ಲಿ ಸಾಧಾರಣ ಉಸಿರಲ್ಲಿ ನೀರು ಕಣ್ಣಿನ ಮಟ್ಟಕ್ಕೆ ನಿಂತರೆ ತೂಕ ಸರಿ. ಬೆಚ್ಚಗಿನ ಸಮುದ್ರಕ್ಕೆ 3 ಮಿಲಿಮೀಟರ್ ದಪ್ಪದ ಡೈವಿಂಗ್ ಉಡುಪು, ಅಂದರೆ ವೆಟ್‌ಸೂಟ್ ಸಾಕು. ಆದರೆ ತೋಳು ಕಾಲು ಪೂರ್ತಿ ಮುಚ್ಚುವುದನ್ನೇ ತೆಗೆದುಕೊಳ್ಳಿ, ತುಕ್ಕು ತಗಡು ಬ್ಲೇಡಿನಂತೆ ಕೊಯ್ಯುತ್ತದೆ. ಟಿಟಿ ಇಂಜೆಕ್ಷನ್ ಊರಲ್ಲೇ ಹಾಕಿಸಿಕೊಳ್ಳಿ. ಬಲೆಯ ದಾರಕ್ಕೆ ಸಿಕ್ಕಿಕೊಂಡರೆ ಕತ್ತರಿಸಲು ಚಿಕ್ಕ ಕಟರ್ ಎದೆಯ ಬಳಿ ಇರಲಿ.

ಗಾಳಿಯ ಲೆಕ್ಕ ಬಾಯಿಪಾಠ ಆಗಬೇಕು. 11 ಲೀಟರ್ ಸಿಲಿಂಡರ್, 200 ಬಾರ್. 50 ಬಾರ್ ಮುಟ್ಟುವಂತಿಲ್ಲ, ಉಳಿದ 150 ಬಾರ್ ಅಂದರೆ 1,650 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಒತ್ತಡ ಮೂರು ಪಟ್ಟಾಗುವ 20 ಮೀಟರ್ ಆಳದಲ್ಲಿ 60 ಲೀಟರ್ ಬಳಸುತ್ತಾರೆ, ಅಂದರೆ 27 ನಿಮಿಷ. ಗಾಬರಿಯಾದರೆ ಇನ್ನೂ ಬೇಗ ಮುಗಿಯುತ್ತದೆ.

ರೆಕ್ ಕೋರ್ಸ್ (ಮುಳುಗಿದ ಹಡಗಿನ ಡೈವಿಂಗ್ ತರಬೇತಿ) ಆಗುವವರೆಗೆ ಹಡಗನ್ನು ಹೊರಗಿನಿಂದಲೇ ನೋಡಿ. ಒಳಗೆ ಹೋಗುವುದು ಕೆಜಿಎಫ್ ಗಣಿಗೆ ಇಳಿದ ಹಾಗೆ, ತೊಂದರೆಯಾದರೆ ನೇರ ಮೇಲೆ ಬರಲು ದಾರಿಯಿಲ್ಲ. ನಿಮ್ಮ ಗುಳ್ಳೆಗಳೇ ಚಾವಣಿಯ ತುಕ್ಕನ್ನು ಉದುರಿಸುತ್ತವೆ. ಕಲಿತವರು ಬಾಗಿಲಿನ ಹೊರಗೊಮ್ಮೆ ಒಳಗೊಮ್ಮೆ ಹಗ್ಗ ಕಟ್ಟಿ, ವಾಪಸ್ ದಾರಿ ತಪ್ಪದಂತೆ ಅದರ ಸುರುಳಿ ಬಿಡುತ್ತ ಹೋಗುತ್ತಾರೆ, ಒಬ್ಬೊಬ್ಬರ ಬಳಿಯೂ 3 ಟಾರ್ಚ್ ಇರುತ್ತವೆ, ಗಾಳಿಯ ಮೂರನೇ ಒಂದು ಭಾಗ ಮುಗಿದ ಕೂಡಲೇ ತಿರುಗುತ್ತಾರೆ. ಚಾವಣಿಯಡಿ ಸಿಕ್ಕ ಗಾಳಿಯನ್ನು ಉಸಿರಾಡಬೇಡಿ, ಕಬ್ಬಿಣ ತುಕ್ಕು ಹಿಡಿಯುತ್ತ ಅದರ ಆಮ್ಲಜನಕವನ್ನು ತಿಂದಿರಬಹುದು. ಮದ್ದುಗುಂಡು ಕಂಡರೆ ದೂರವಿರಿ. ಒಂದು ಮೊಳೆಯನ್ನೂ ತರಬೇಡಿ. ಯುದ್ಧದಲ್ಲಿ ಮುಳುಗಿದ ಎಷ್ಟೋ ಹಡಗುಗಳು ನಾವಿಕರ ಸಮಾಧಿಗಳೂ ಹೌದು.

ವಾಪಸಾಗುವಾಗ ನಮ್ಮ ಕಡೆಯವರು ಮರೆಯುವ ಸಂಗತಿಯೊಂದಿದೆ. ಹಲವು ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು. ರಸ್ತೆಗೂ ಇದೇ ಎಚ್ಚರಿಕೆ ಬೇಕು. ತುಮಕೂರು, ಕೋಲಾರ 800 ಮೀಟರಿಗೂ ಎತ್ತರದಲ್ಲಿವೆ, ಚಿಕ್ಕಬಳ್ಳಾಪುರ 900ರ ಆಸುಪಾಸು. ಎತ್ತರ ಏರಿ ಗಾಳಿಯ ಒತ್ತಡ ಇಳಿದಂತೆ, ಡೈವ್‌ನಲ್ಲಿ ಮೈಗೆ ಸೇರಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ನೇತ್ರಾಣಿಯಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ಅದೇ ಸಂಜೆ ಘಾಟಿ ಹತ್ತಬೇಡಿ, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಊರಿಗೆ ಬಂದ ಮೇಲೆ ಕೀಲು ನೋವು, ಜೋಮು, ವಿಪರೀತ ಸುಸ್ತು ಕಂಡರೆ ಪ್ರಯಾಣದ ಆಯಾಸವೆಂದು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ ದಿನ, ಆಳ, ಎಷ್ಟು ಹೊತ್ತು ಎಂಬುದನ್ನು ಮೊದಲು ಹೇಳಿ, ಶುದ್ಧ ಆಮ್ಲಜನಕ ಕೊಡಿ ಎಂದು ಕೇಳಿ.