ಅನ್ನನಾಳದ ಆರಂಭಿಕ ಕ್ಯಾನ್ಸರ್: ಎಂಡೋಸ್ಕೋಪಿಯಲ್ಲಿ ತೆಗೆದ ಮೇಲಿನ ವರ್ಷಗಳು

ಅನ್ನನಾಳದ ಕ್ಯಾನ್ಸರ್ ಇರುವವರು ನಮ್ಮ ಕಡೆ ಬಹುಪಾಲು ಅನ್ನ ಇಳಿಯುವುದು ಕಷ್ಟವಾದ ಮೇಲೆಯೇ ಬರುತ್ತಾರೆ. ಗ್ಯಾಸ್ಟ್ರಿಕ್, ಎದೆಯುರಿ ಅಂತ ಬಂದು, ಪರೀಕ್ಷೆಯಲ್ಲಿ ಕಾಯಿಲೆ ಮೇಲ್ಪದರದಲ್ಲೇ ಸಿಕ್ಕಿಬಿದ್ದವರು ಕೆಲವರಿದ್ದಾರೆ. ಅವರಿಗೆ ಎದೆ ತೆರೆಯುವ ಆಪರೇಷನ್ ಇಲ್ಲದೆ, ಎಂಡೋಸ್ಕೋಪಿಯಲ್ಲೇ ಆ ಭಾಗವನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುತ್ತೇನೆ. ಇಎಸ್‌ಡಿ ಅನ್ನುವ ಈ ವಿಧಾನ ಜಪಾನಿನಲ್ಲಿ ಬೆಳೆದದ್ದು.

ಮೊದಲು ಅದು ಕಣ್ಣಿಗೆ ಬೀಳಬೇಕಲ್ಲ. ಮಾಮೂಲಿ ಬೆಳಕಿನಲ್ಲಿ ತುಸು ಕೆಂಪಗೆ ಕಾಣುವ ಚಪ್ಪಟೆ ಜಾಗ ಅಷ್ಟೆ, ಅವಸರ ಮಾಡಿದರೆ ತಪ್ಪಿಹೋಗುತ್ತದೆ. ಹೊಗೆಸೊಪ್ಪು, ಎಲೆ-ಅಡಿಕೆ, ಬೀಡಿ, ಕುಡಿತದ ಅಭ್ಯಾಸ ಇದ್ದವರಿಗೆ, ಅಯೋಡಿನ್ ಅಲರ್ಜಿ ಇಲ್ಲವೆಂದು ಕೇಳಿಕೊಂಡು, ಲುಗಾಲ್ ಎಂಬ ಅಯೋಡಿನ್ ದ್ರಾವಣ ಸಿಂಪಡಿಸುತ್ತೇನೆ. ಆರೋಗ್ಯವಾಗಿರುವ ಪೊರೆಯಲ್ಲಿ ಗ್ಲೈಕೋಜನ್ (ಕೋಶಗಳು ಕೂಡಿಟ್ಟ ಸಕ್ಕರೆ) ಇರುವುದರಿಂದ ಅದು ಕಡುಕಂದಾಗುತ್ತದೆ. ಕೆಟ್ಟ ಜಾಗ ಬಣ್ಣ ಹಿಡಿಯುವುದಿಲ್ಲ, ಎರಡು-ಮೂರು ನಿಮಿಷ ಕಾದರೆ ಗುಲಾಬಿಗೆ ತಿರುಗುತ್ತದೆ. ಆ ಗುಲಾಬಿ ಕಂಡರೆ ನನಗೆ ಅನುಮಾನ ಬಲವಾಗುತ್ತದೆ.

ತೆಗೆದ ತುಂಡನ್ನು ಮುದುರದಂತೆ ಹಲಗೆಯ ಮೇಲೆ ಎಳೆದು ಪಿನ್ ಚುಚ್ಚಿ ಪೆಥಾಲಜಿಗೆ ಕಳಿಸುತ್ತೇನೆ. ಮುಂದಿನ ವರ್ಷಗಳು ಹೇಗಿರುತ್ತವೆ ಎನ್ನುವುದು ಬಹುಮಟ್ಟಿಗೆ ಆ ವರದಿಯಲ್ಲಿದೆ. ನಮ್ಮಲ್ಲಿ ಹೆಚ್ಚಾಗಿರುವ, ಒಳಪೊರೆಯ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಬಗೆಯಲ್ಲಿ ಕಾಯಿಲೆ ಲೋಳೆಪೊರೆಯ ಮೇಲಿನ ಪದರಗಳಲ್ಲೇ ಇದ್ದು, ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇರದಿದ್ದರೆ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿರುವ ಸಾಧ್ಯತೆ ತೀರಾ ಕಡಿಮೆ. ಅದು ಕೆಳಪದರದೊಳಗೆ 200 ಮೈಕ್ರಾನ್ (0.2 ಮಿ.ಮೀ.) ದಾಟಿದ್ದರೆ, ಇಲ್ಲವೇ ರಕ್ತನಾಳ, ದುಗ್ಧನಾಳ ಹೊಕ್ಕಿದ್ದರೆ, ನನ್ನ ಕೆಲಸ ಎಷ್ಟೇ ಚೆನ್ನಾಗಿ ಆಗಿದ್ದರೂ ಅದಷ್ಟೇ ಸಾಲದು. ಆಪರೇಷನ್ನೋ, ಕೀಮೋ-ರೇಡಿಯೇಷನ್ನೋ ಬೇಕು. ಜಪಾನಿನ ಜೆಸಿಒಜಿ 0508 ಅಧ್ಯಯನದಲ್ಲಿ ಇಂಥವರಿಗೆ ಎಂಡೋಸ್ಕೋಪಿಯ ನಂತರ ಕೀಮೋ-ರೇಡಿಯೇಷನ್ ಕೊಟ್ಟಾಗ 3 ವರ್ಷದ ಬದುಕುಳಿಕೆ ಶೇ. 90.7 ಇತ್ತು. ಅನ್ನನಾಳ ತೆಗೆಸಿಕೊಳ್ಳಲು ಹೆದರುವವರ ಮುಂದೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಮೊದಲ ತಿಂಗಳುಗಳ ದೊಡ್ಡ ತೊಂದರೆ ನಾಳ ಕಿರಿದಾಗುವುದು. ಸುತ್ತಳತೆಯ ಮುಕ್ಕಾಲು ಭಾಗ ಕೊಯ್ದಿದ್ದರೆ ಅದನ್ನು ನಿರೀಕ್ಷಿಸಲೇಬೇಕು. ಅಲ್ಲೇ ಸ್ಟೀರಾಯ್ಡ್ ಚುಚ್ಚಿ, ಬೇಕಾದರೆ ಮಾತ್ರೆಯನ್ನೂ ಕೊಡುತ್ತೇನೆ. ಆದರೂ ಕೆಲವರಿಗೆ ಬಲೂನಿನಿಂದ ಮತ್ತೆ ಮತ್ತೆ ಹಿಗ್ಗಿಸಬೇಕಾಗುತ್ತದೆ.

ಇಷ್ಟೆಲ್ಲ ದಾಟಿ ಚೆನ್ನಾಗಿ ಉಣ್ಣುತ್ತಿರುವವರು ಕೇಳುವ ಪ್ರಶ್ನೆ ಒಂದೇ: "ಎಲ್ಲ ತೆಗ್ದಾಯ್ತಲ್ಲ ಡಾಕ್ಟ್ರೇ, ಇನ್ಯಾಕೆ ಬರ್ಬೇಕು?" ನಾನು ಅವರದೇ ಲುಗಾಲ್ ಫೋಟೋ ತೋರಿಸುತ್ತೇನೆ. ಕಂದು ಪೊರೆಯ ತುಂಬ ಬಣ್ಣ ಹಿಡಿಯದ ಸಣ್ಣ ಸಣ್ಣ ಚುಕ್ಕೆಗಳು, ಚಿರತೆಯ ಚರ್ಮದ ಹಾಗೆ. ತೆಗೆದದ್ದು ಒಂದು ಕಡೆಯದು, ಹೊಗೆಸೊಪ್ಪು, ಕುಡಿತಕ್ಕೆ ಸಿಕ್ಕಿದ ಪೊರೆ ಪೂರ್ತಿ ಹಾಗೇ ಇದೆ. ಜಪಾನಿನಲ್ಲಿ ಹೀಗೆ ಚಿಕಿತ್ಸೆ ಪಡೆದವರನ್ನು ಗಮನಿಸಿದಾಗ, ಇಂಥ ಚುಕ್ಕೆ ಇಲ್ಲದವರಲ್ಲಿ 2 ವರ್ಷದೊಳಗೆ ಹೊಸ ಕ್ಯಾನ್ಸರ್ ಕಂಡದ್ದು ಶೇ. 4 ಮಂದಿಗೆ, ತುಂಬಾ ಇದ್ದವರಲ್ಲಿ ಶೇ. 24.7 ಮಂದಿಗೆ. ಕುಡಿತ ಬಿಟ್ಟವರಲ್ಲಿ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು. ಈ ಮಾತನ್ನು ಹೆಂಡತಿಯನ್ನೋ ಮಗನನ್ನೋ ಜೊತೆಗೆ ಕೂರಿಸಿಕೊಂಡೇ ಹೇಳುತ್ತೇನೆ. ಮನೆಯವರಿಗೆ ಗೊತ್ತಿರಲೇಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಿರುವ ಬ್ಯಾರೆಟ್ಸ್ ಬಗೆಯದ್ದೂ (ಹೊಟ್ಟೆಯ ಆಮ್ಲ ಮೇಲೆ ಬಂದು ಬಂದು ಬದಲಾದ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್) ಇದೇ ಕಥೆ. ಜರ್ಮನಿಯ ವೀಸ್‌ಬಾಡೆನ್ ತಂಡ 2014ರಲ್ಲಿ ಪ್ರಕಟಿಸಿದ 1,000 ರೋಗಿಗಳ ವರದಿಯಲ್ಲಿ, ಸರಾಸರಿ ಐದು ವರ್ಷದ ಹತ್ತಿರ ಗಮನಿಸಿದಾಗ ಆ ಕ್ಯಾನ್ಸರಿನಿಂದ ತೀರಿಕೊಂಡವರು ಇಬ್ಬರು. ಆದರೆ ಶೇ. 14.5 ಮಂದಿಗೆ ಅದು ಮರುಕಳಿಸಿತ್ತು ಅಥವಾ ಹೊಸದಾಗಿ ಬಂದಿತ್ತು. ತಪಾಸಣೆಗೆ ಬರುತ್ತಿದ್ದುದರಿಂದಲೇ ಹೆಚ್ಚಿನವರಿಗೆ ಮತ್ತೆ ಎಂಡೋಸ್ಕೋಪಿಯೇ ಸಾಕಾಯಿತು.

ಹಾಗಾಗಿ ಮೂರರಿಂದ ಆರು ತಿಂಗಳಿಗೆ ಮೊದಲ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಆಳಕ್ಕೆ ಹೋಗಿದ್ದವರಿಗೆ ಸಿಟಿ ಸ್ಕ್ಯಾನ್ ಕೂಡ. ಪ್ರತಿ ಸಲವೂ ಬಾಯಿ, ನಾಲಿಗೆಯ ಅಡಿ, ಗಂಟಲು ನೋಡಿಯೇ ಸ್ಕೋಪ್ ಕೆಳಗಿಳಿಸುತ್ತೇನೆ, ಏಕೆಂದರೆ ಎರಡನೆಯ ಕ್ಯಾನ್ಸರ್ ಅಲ್ಲಿಯೂ ಹುಟ್ಟುತ್ತದೆ. ಅನುಮಾನ ಬರುವಂಥ ಬಿಳಿ, ಕೆಂಪು ಮಚ್ಚೆ ಏನೇ ಇದ್ದರೂ ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರ ಬಳಿಗೆ ಚೀಟಿ ಕೊಟ್ಟು ಕಳಿಸುತ್ತೇನೆ.