ಎತ್ತಿನಹೊಳೆಯಿಂದ ರಾಯಲಸೀಮೆವರೆಗೆ: ನದಿ ಯೋಜನೆಗಳನ್ನು ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸುವ ಕೆಲಸ

ನದಿ ತಿರುಗಿಸುವ ಅಥವಾ ಏತದಲ್ಲಿ ನೀರೆತ್ತುವ ಯೋಜನೆಯ ವಿರುದ್ಧ ಕೋರ್ಟಿಗೆ ಹೋಗಬೇಕೆಂದು ಬರುವ ಸಂಘಟನೆಗಳವರು ಸಾಮಾನ್ಯವಾಗಿ ಫೋಟೊಗಳ ಕಂತೆ, ಪತ್ರಿಕಾ ತುಣುಕುಗಳು, ಸಹಿ ಮಾಡಿದ ಮನವಿಗಳನ್ನು ತರುತ್ತಾರೆ. ಇಂಥ ಅರ್ಜಿಗಳನ್ನು ಸಿದ್ಧಪಡಿಸುವ ನಾವು ಅವನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಕೇಳುವುದು ತಾರೀಕು. ಅನುಮತಿ ಪತ್ರ ಯಾವತ್ತಿನದು? ನಿಮಗೆ ಗೊತ್ತಾದದ್ದು ಯಾವತ್ತು? ಮೊದಲ ಜೆಸಿಬಿ ಇಳಿದದ್ದು ಯಾವತ್ತು? ಈ ಮೂರಕ್ಕೆ ದಾಖಲೆ ಸಮೇತ ಉತ್ತರ ಸಿಗುವವರೆಗೆ ಅರ್ಜಿಯ ಒಂದು ಸಾಲನ್ನೂ ಬರೆಯುವುದಿಲ್ಲ.

ಕರ್ನಾಟಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ (ಎನ್‌ಜಿಟಿ) ಚೆನ್ನೈ ಪೀಠದ ವ್ಯಾಪ್ತಿಗೆ ಬರುತ್ತದೆ. 2010ರ ಎನ್‌ಜಿಟಿ ಕಾಯ್ದೆಯಲ್ಲಿ ನಮಗೆ ಬೇಕಾದ ಬಾಗಿಲು ಎರಡು. ಪರಿಸರ ಅನುಮತಿ ಸಿಕ್ಕಿಬಿಟ್ಟಿದೆ, ಅದನ್ನೇ ರದ್ದು ಮಾಡಿಸಬೇಕು ಎಂದಾದರೆ ಸೆಕ್ಷನ್ 16ರಡಿ ಮೇಲ್ಮನವಿ: 30 ದಿನ, ಸಕಾರಣ ತೋರಿಸಿದರೆ ಇನ್ನೂ 60. ಅನುಮತಿಯನ್ನೇ ಪಡೆಯದೆ ಕೆಲಸ ನಡೆದಿದೆ ಎಂದಾದರೆ ಸೆಕ್ಷನ್ 14ರಡಿ ಅರ್ಜಿ: ಆರು ತಿಂಗಳು, ಮೇಲೆ 60 ದಿನ. ಮೇಲ್ಮನವಿಗೆ 91ನೇ ದಿನ ಹೋದರೆ ವಿಳಂಬ ಮನ್ನಾ ಮಾಡುವ ಅಧಿಕಾರವೇ ಪೀಠಕ್ಕಿಲ್ಲ. ಸೆಕ್ಷನ್ 14ರಲ್ಲಿ ಇನ್ನೊಂದು ಮುಳ್ಳಿದೆ. ವ್ಯಾಜ್ಯಕಾರಣ (ದೂರಿಗೆ ಆಧಾರವಾದ ಘಟನೆ) 'ಮೊದಲು' ಹುಟ್ಟಿದ ದಿನದಿಂದ ಲೆಕ್ಕ ಎನ್ನುತ್ತದೆ ಕಾಯ್ದೆ. ಹೊಸ ಟೆಂಡರ್ ಕರೆದರು, ಹೊಸ ಪ್ಯಾಕೇಜ್ ಶುರುವಾಯಿತು ಎಂದು ಗಡಿಯಾರ ಹಿಂದಕ್ಕೆ ತಿರುಗುವುದಿಲ್ಲ. ಸರ್ಕಾರಿ ವಕೀಲರು ಎದ್ದು ನಿಂತು ಹೇಳುವ ಮೊದಲ ಮಾತೇ 'ಆಡಳಿತಾತ್ಮಕ ಅನುಮೋದನೆ ಎಷ್ಟೋ ವರ್ಷದ ಹಿಂದಿನದು' ಎಂದು.

ಅನುಮತಿ ಪತ್ರದ ವಿಷಯದಲ್ಲಿ ಲೆಕ್ಕ ಶುರುವಾಗುವುದು ಅದಕ್ಕೆ ಸಹಿ ಬಿದ್ದ ದಿನದಿಂದಲ್ಲ, ಸಾರ್ವಜನಿಕರಿಗೆ ತಿಳಿಸಿದ ದಿನದಿಂದ. ಅರುಣಾಚಲದ ತವಾಂಗ್‌ನ 780 ಮೆಗಾವಾಟ್ ನ್ಯಾಮ್‌ಜಾಂಗ್ ಛು ಯೋಜನೆಯ ಪ್ರಕರಣದಲ್ಲಿ ಎನ್‌ಜಿಟಿ 2013ರಲ್ಲಿ ಇದನ್ನು ಬಿಡಿಸಿ ಹೇಳಿತು. ಸಚಿವಾಲಯ ವೆಬ್‌ಸೈಟಿಗೆ ಹಾಕಬೇಕು, ಯೋಜನೆ ನಡೆಸುವವರು ಪತ್ರಿಕೆಯಲ್ಲಿ ಪ್ರಕಟಿಸಿ ಪಂಚಾಯಿತಿಗೆ ಪ್ರತಿ ಕೊಡಬೇಕು. ಇವರಲ್ಲಿ ಯಾರು ಮೊದಲು ತಮ್ಮ ಕೆಲಸ ಪೂರ್ತಿ ಮಾಡಿದರೋ ಅಂದಿನಿಂದ ಎಣಿಕೆ. ಹಾಗಾಗಿ ಗ್ರಾಮ ಪಂಚಾಯಿತಿಯಿಂದ 'ನಮಗೆ ಈ ಪ್ರತಿ ಬಂದಿಲ್ಲ' ಅಥವಾ 'ಇಂಥ ದಿನ ಬಂತು' ಎಂಬ ಹಿಂಬರಹವನ್ನು ಪಿಡಿಒ ಸಹಿ, ಮೊಹರಿನೊಂದಿಗೆ ಮೊದಲೇ ತೆಗೆದಿಟ್ಟುಕೊಳ್ಳಿ. ಆ ಪ್ರಕರಣದ ಅನುಮತಿಯನ್ನು 2016ರ ಏಪ್ರಿಲ್‌ನಲ್ಲಿ ಅಮಾನತಿನಲ್ಲಿಟ್ಟದ್ದು ಕಪ್ಪು ಕತ್ತಿನ ಕೊಕ್ಕರೆಗಳ ಕಾರಣಕ್ಕೆ, ನಿಜ. ಕಾಲಮಿತಿಯಲ್ಲೇ ಬಿದ್ದುಹೋಗಿದ್ದರೆ ಆ ಹಕ್ಕಿಗಳ ಮಾತು ಪೀಠದ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಕಾಲಮಿತಿಯೊಳಗೆ ಹೋದರೂ ತಡ ಎನಿಸಿಕೊಳ್ಳಬಹುದು. ನರ್ಮದಾ ಅಣೆಕಟ್ಟಿನ ತೀರ್ಪಿನಲ್ಲಿ (2000) ಸುಪ್ರೀಂ ಕೋರ್ಟಿನ ಬಹುಮತ ಹಿಡಿದದ್ದು ಇದನ್ನೇ: 1987ರ ಅನುಮತಿ, 1994ರ ಅರ್ಜಿ. ತೆಲಂಗಾಣದ ಕಾಳೇಶ್ವರಂ ಏತ ನೀರಾವರಿ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಎನ್‌ಜಿಟಿ, 2017ರ ಡಿಸೆಂಬರ್‌ನ ಪರಿಸರ ಅನುಮತಿಗೂ ಮೊದಲೇ ಕಾಮಗಾರಿ ನಡೆದಿದೆ, ಅದು ಕಾನೂನಿಗೆ ವಿರುದ್ಧ ಎಂದಿತು. ಅಷ್ಟರಲ್ಲಿ ಬ್ಯಾರೇಜು ನಿಂತಿದ್ದವು, ಪಂಪುಗಳು ಓಡುತ್ತಿದ್ದವು. ಉಳಿದದ್ದು ಹಾನಿ ಅಂದಾಜಿಗೆ ತಜ್ಞರ ಸಮಿತಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕೆಲಸ ಕಾಗದದ ಮೇಲಿರುವಾಗಲೇ ಹೋಗಿ ಎಂದು ನಾವು ಒತ್ತಾಯಿಸುವುದು ಇದಕ್ಕೆ. 'ಇನ್ನೂ ಅಪಕ್ವ ಅರ್ಜಿ' ಎಂದು ವಾಪಸ್ ಕಳಿಸಿದರೂ ಪರವಾಗಿಲ್ಲ. ಅನುಮತಿಯಿಲ್ಲದೆ ಕೆಲಸ ಶುರುಮಾಡುವುದಿಲ್ಲ ಎಂಬ ಸರ್ಕಾರದ ಹೇಳಿಕೆ ಆದೇಶದಲ್ಲಿ ದಾಖಲಾದರೆ ಅದೇ ಮುಂದಿನ ಅರ್ಜಿಗೆ ಬುನಾದಿ.

ಇನ್ನು ಜಗಳದ ಹೂರಣ. ದಕ್ಷಿಣದ ಬಹುತೇಕ ನದಿ ಯೋಜನೆಗಳಲ್ಲಿ ಸರ್ಕಾರದ ಉತ್ತರ ಒಂದೇ: ಇದು ಕುಡಿಯುವ ನೀರಿನ ಯೋಜನೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ 1(ಸಿ) ಅಡಿ ಜಲವಿದ್ಯುತ್ ಮತ್ತು ನೀರಾವರಿ ಇವೆ, ಕುಡಿಯುವ ನೀರಿಲ್ಲ. ಆ ಹೆಸರಿಟ್ಟರೆ ಪರಿಣಾಮ ಅಧ್ಯಯನ ಬೇಡ, ಸಾರ್ವಜನಿಕ ಅಹವಾಲು ಸಭೆ ಬೇಡ. ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯದ್ದು ಇದೇ ಕಥೆ. ಯೋಜನಾ ವರದಿಯಲ್ಲಿನ 24.01 ಟಿಎಂಸಿಯಲ್ಲಿ ಕುಡಿಯಲು 14.056 ಟಿಎಂಸಿ, 527 ಕೆರೆ ತುಂಬಿಸಲು 9.953 ಟಿಎಂಸಿ. ಕೆರೆ ತುಂಬಿದರೆ ಅಂತರ್ಜಲ, ಅಂತರ್ಜಲ ಏರಿದರೆ ಪಂಪ್‌ಸೆಟ್. ಹಾಗಾದರೆ ಈ ಎರಡನೇ ಪಾಲು ಯಾವ ಲೆಕ್ಕಕ್ಕೆ? ಪ್ರಶ್ನೆ ಸರಿಯಾದದ್ದೇ ಆಗಿತ್ತು. ಆದರೂ 2019ರ ಮೇನಲ್ಲಿ ಎನ್‌ಜಿಟಿ ಅರ್ಜಿ ಒಪ್ಪಲಿಲ್ಲ.

ಅದೇ ಪ್ರಶ್ನೆ ಕೃಷ್ಣಾ, ಗೋದಾವರಿ ಕೊಳ್ಳದಲ್ಲಿ ಗೆದ್ದಿದೆ. ರಾಯಲಸೀಮೆ ಏತ ನೀರಾವರಿಯ ಬಗ್ಗೆ ಆಂಧ್ರ 'ಹೊಸ ಯೋಜನೆಯಲ್ಲ, ನಮ್ಮ ಪಾಲಿನ ನೀರನ್ನೇ ಎತ್ತುತ್ತಿದ್ದೇವೆ' ಎಂದಿತ್ತು. ಕೇಂದ್ರ ಪರಿಸರ ಸಚಿವಾಲಯವೂ ಅನುಮತಿ ಬೇಡ ಎಂದಿತ್ತು. ಚೆನ್ನೈ ಪೀಠ 2020ರ ಅಕ್ಟೋಬರ್‌ನಲ್ಲಿ ಎರಡನ್ನೂ ಒಪ್ಪದೆ, ಪೂರ್ವಾನುಮತಿ ಬೇಕೇ ಬೇಕು ಎಂದಿತು. ಪಾಲಮೂರು-ರಂಗಾರೆಡ್ಡಿ ಮತ್ತು ಡಿಂಡಿ ಏತ ನೀರಾವರಿ ಯೋಜನೆಗಳಲ್ಲಿ ತೆಲಂಗಾಣ ಕುಡಿಯುವ ನೀರಿನ ವಾದ ಹೂಡಿ 2022ರಲ್ಲಿ ಸುಮಾರು 900 ಕೋಟಿ ರೂಪಾಯಿ ದಂಡ ಹಾಕಿಸಿಕೊಂಡಿತು. ಸುಪ್ರೀಂ ಕೋರ್ಟ್ 2023ರಲ್ಲಿ ಆ ದಂಡಕ್ಕೆ ತಡೆ ಕೊಟ್ಟು, ಕುಡಿಯುವ ನೀರಿನ ಪಾಲಿನ ಕೆಲಸಕ್ಕಷ್ಟೇ ಅವಕಾಶ ಮಾಡಿತು. ಈ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ನಮಗೆ ಕಾಣುವುದು ಇಷ್ಟು: ಯೋಜನೆಯ ಉದ್ದೇಶ ನೀರಾವರಿ ಎಂದು ಅರ್ಜಿದಾರರು ವಾದಿಸಿದರೆ ಸಾಲದು, ಸರ್ಕಾರದ ಕಾಗದವೇ ಹಾಗೆ ಹೇಳಿರಬೇಕು. 'ಅಚ್ಚುಕಟ್ಟು' ಎಂಬ ಮಾತು, ಹೆಕ್ಟೇರ್ ಲೆಕ್ಕ, ಬೆಳೆ ಪದ್ಧತಿಯ ಕೋಷ್ಟಕ, ನೀರಾವರಿ ಲಾಭ ಸೇರಿಸಿದ ಲಾಭ-ವೆಚ್ಚ ಅನುಪಾತ, ಇವುಗಳಲ್ಲಿ ಒಂದಾದರೂ ವಿವರವಾದ ಯೋಜನಾ ವರದಿಯಲ್ಲಿ (ಡಿಪಿಆರ್) ಸಿಗಬೇಕು. ಹೆಕ್ಟೇರ್ ಸಿಕ್ಕಾಗ ಅಧಿಸೂಚನೆಯ ಯಾವ ಮಿತಿ ಎಂದು ನೋಡಿ: ಕೇಂದ್ರ ಮಟ್ಟದ ಪರಿಶೀಲನೆಗೆ 10,000 ಹೆಕ್ಟೇರ್ ಇದ್ದುದು 2018ರ ತಿದ್ದುಪಡಿಯಲ್ಲಿ 50,000 ಆಯಿತು. ಕೆಲಸ ಶುರುವಾದ ದಿನ ಯಾವುದು ಜಾರಿಯಲ್ಲಿತ್ತೋ ಅದನ್ನೇ ಬರೆಯಬೇಕು.

ಡಿಪಿಆರ್ ಕೈಗೆ ಬರುವುದು ಸುಲಭವಲ್ಲ. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕೆಂಬ ನಿಯಮವಿದೆ. ಉದ್ದದ ಅರ್ಜಿಯನ್ನು ಅದೊಂದೇ ನೆಪಕ್ಕೆ ತಳ್ಳಿಹಾಕುತ್ತಾರೆ. ಆದ್ದರಿಂದ ಡಿಪಿಆರ್‌ಗೆ ಒಂದು, ಸಂಪುಟ ಟಿಪ್ಪಣಿಗೆ ಒಂದು, ಕಾರ್ಯಾದೇಶಗಳಿಗೆ ಒಂದು, ಅರಣ್ಯ ಇಲಾಖೆಯ ಪತ್ರವ್ಯವಹಾರಕ್ಕೆ ಒಂದು ಎಂದು ಬೇರೆ ಬೇರೆ ಹಾಕುತ್ತೇವೆ, ತಲಾ 10 ರೂಪಾಯಿ. 'ಮಾಹಿತಿ ಕೊಡಿ' ಎಂದು ಬರೆಯುವುದಕ್ಕಿಂತ 'ಕಡತ ಪರಿಶೀಲನೆಗೆ ಅವಕಾಶ ಕೊಡಿ' ಎಂದು ಬರೆಯುವುದು ವಾಸಿ. ಟಿಪ್ಪಣಿ ಹಾಳೆಗಳಲ್ಲಿ ಎಂಜಿನಿಯರುಗಳೇ ಎತ್ತಿದ ಆಕ್ಷೇಪ ಇರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಪುಟದ ಶುಲ್ಕ ಕಟ್ಟಬೇಕಿಲ್ಲ. ಆದರೆ ಮಾಹಿತಿ ಆಯೋಗದ ತೀರ್ಮಾನಕ್ಕೆ ಕಾಯುತ್ತ ಕೂತರೆ ಎನ್‌ಜಿಟಿಯ ಆರು ತಿಂಗಳು ಮುಗಿದಿರುತ್ತದೆ. ಟೆಂಡರ್ ದಾಖಲೆ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಲ್ಲಿ ಸಿಗುತ್ತದೆ. ಕಾಮಗಾರಿಯ ವ್ಯಾಪ್ತಿ ಅಲ್ಲಿ ಡಿಪಿಆರ್‌ಗಿಂತ ಪ್ರಾಮಾಣಿಕವಾಗಿ ಬರೆದಿರುತ್ತದೆ, ಗುತ್ತಿಗೆದಾರನಿಗೆ ಸುಳ್ಳು ಹೇಳಿ ಬಿಲ್ ಮಾಡಲಾಗುವುದಿಲ್ಲವಲ್ಲ. ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಿಂದ ಫಾರ್ಮ್-1 (ಅನುಮತಿಗೆ ಯೋಜನೆಯವರು ಸಲ್ಲಿಸುವ ಅರ್ಜಿ ನಮೂನೆ), ತಜ್ಞರ ಸಮಿತಿಯ ನಡಾವಳಿ ಇಳಿಸಿಕೊಳ್ಳಿ. ಗೋವಾದ ಮೋಪಾ ವಿಮಾನ ನಿಲ್ದಾಣದ ಅನುಮತಿಯನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಅಮಾನತಿನಲ್ಲಿಟ್ಟಾಗ ಮುಖ್ಯ ಕಾರಣ ಫಾರ್ಮ್-1ರಲ್ಲಿ ಮುಚ್ಚಿಟ್ಟ ಸಂಗತಿಗಳು. ಫಾರ್ಮ್‌ನ ಒಂದೊಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಟೋಪೋಶೀಟಿನ (ಸರ್ವೆ ಇಲಾಖೆಯ ಭೂನಕ್ಷೆ) ಜೊತೆ ಹೋಲಿಸುವುದು ಬೇಸರದ ಕೆಲಸ. ಫಲ ಕೊಡುವುದೂ ಅದೇ.

ನೀರಿನ ಲೆಕ್ಕವನ್ನು ಎಂಜಿನಿಯರ್ ಬರುವವರೆಗೆ ಕಾಯದೆ ನೀವೇ ಒಮ್ಮೆ ಮಾಡಿ ನೋಡಬಹುದು. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್, 24.01 ಟಿಎಂಸಿ ಸುಮಾರು 68 ಕೋಟಿ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ 1,000 ಘನ ಮೀಟರ್. ಎತ್ತಿನಹೊಳೆಯ ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರ್, ಅಂದರೆ ಅಲ್ಲಿ ಒಂದು ಮಿಲಿಮೀಟರಿಗೆ 1.8 ಲಕ್ಷ ಘನ ಮೀಟರ್. 68 ಕೋಟಿಯನ್ನು 1.8 ಲಕ್ಷದಿಂದ ಭಾಗಿಸಿದರೆ ಸುಮಾರು 3,780 ಮಿಲಿಮೀಟರ್. ಅಷ್ಟೂ ಹರಿದು ಬರಬೇಕು: ಆವಿಯಾದದ್ದು, ಮರ ಕುಡಿದದ್ದು, ನೆಲಕ್ಕಿಳಿದದ್ದು, ಕೆಳಗಿನ ಗುಂಡ್ಯ ಹೊಳೆಗೆ ಬಿಡಬೇಕಾದ್ದು ಎಲ್ಲ ಕಳೆದು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಅಂದಾಜಿಸಿದ್ದು 9.55 ಟಿಎಂಸಿ, ಅದೇ ಲೆಕ್ಕದಲ್ಲಿ ಅದು ಸುಮಾರು 1,500 ಮಿಲಿಮೀಟರ್. ಈ ಲೆಕ್ಕ ಒಂದು ಪುಟದಲ್ಲಿ ಮುಗಿಯಬೇಕು. ಅದನ್ನೇ ಅರ್ಜಿಯ ಬೆನ್ನೆಲುಬು ಮಾಡಬೇಡಿ. ಅಂಕಿ ವಿರುದ್ಧ ಅಂಕಿ ನಿಂತಾಗ ಪೀಠ ಸರ್ಕಾರಿ ತಜ್ಞರ ಕಡೆ ವಾಲುತ್ತದೆ. 'ಈ ಅಂಕಿಯನ್ನು ಯಾವ ಸ್ವತಂತ್ರ ಸಮಿತಿ ಪರಿಶೀಲಿಸಿದೆ, ನಡಾವಳಿ ತೋರಿಸಿ' ಎಂದು ಕೇಳಲು ಅದನ್ನು ಬಳಸಿ.

ಸ್ಥಳದ ಸಾಕ್ಷ್ಯಕ್ಕೆ ಜಿಪಿಎಸ್ ಮತ್ತು ದಿನಾಂಕ ಬೀಳುವ ಫೋಟೊ, ಸರ್ವೆ ನಂಬರ್ ಗುರುತಿಸಿದ ಗ್ರಾಮ ನಕ್ಷೆ, ಪಹಣಿ, ಮತ್ತು ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು. ಇವುಗಳಲ್ಲಿ ಕೊನೆಯದು ಅನುಮತಿಗೆ ಮುನ್ನ ಕೆಲಸ ನಡೆದಿತ್ತು ಎಂದು ತೋರಿಸಲು ಬಲು ಉಪಯುಕ್ತ. ಎನ್‌ಜಿಟಿ ಸಾಕ್ಷ್ಯ ಕಾನೂನಿಗೆ ಕಟ್ಟುಬಿದ್ದಿಲ್ಲ. ಆದರೂ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವನ್ನು, ಕಡತ ತಿದ್ದಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯದ ಸಮೇತ ಲಗತ್ತಿಸುತ್ತೇವೆ, ಸುಪ್ರೀಂ ಕೋರ್ಟಿಗೆ ಹೋದಾಗ ತಕರಾರು ಬರಬಾರದೆಂದು. ವಾಟ್ಸಾಪಿನಲ್ಲಿ ಬಂದ ಫೋಟೊದಲ್ಲಿ ಸ್ಥಳದ ವಿವರ ಅಳಿಸಿಹೋಗಿರುತ್ತದೆ. ತೆಗೆದವರ ಫೋನಿನಿಂದಲೇ ಮೂಲ ಕಡತ ಪಡೆಯಿರಿ.

ಯಾವ ಕೋರ್ಟು ಎಂಬಲ್ಲೂ ಜನ ಎಡವುತ್ತಾರೆ. ಎನ್‌ಜಿಟಿಯ ಅಧಿಕಾರ ಅದರ ಅನುಸೂಚಿಯ ಏಳು ಕಾಯ್ದೆಗಳಿಗೆ ಮಾತ್ರ. 1972ರ ವನ್ಯಜೀವಿ ಕಾಯ್ದೆ ಅದರಲ್ಲಿಲ್ಲ. ಅಭಯಾರಣ್ಯದೊಳಗೆ ಕೊಳವೆ ಹಾಕಲು ವನ್ಯಜೀವಿ ಮಂಡಳಿ ಕೊಟ್ಟ ಒಪ್ಪಿಗೆಯನ್ನು ಪ್ರಶ್ನಿಸಬೇಕಾದರೆ ಹೈಕೋರ್ಟಿಗೇ ಹೋಗಬೇಕು. ಪರಿಸರ ಸೂಕ್ಷ್ಮ ವಲಯದ ಉಲ್ಲಂಘನೆಯನ್ನು ಮಾತ್ರ ಎನ್‌ಜಿಟಿಯಲ್ಲಿ ಪ್ರಶ್ನಿಸಬಹುದು, ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಧಿಸೂಚನೆಯಾದ್ದರಿಂದ. ಅರಣ್ಯ ತೀರುವಳಿಯಲ್ಲಿ (ಅರಣ್ಯ ಭೂಮಿಯನ್ನು ಯೋಜನೆಗೆ ಬಳಸಲು ಕೊಡುವ ಒಪ್ಪಿಗೆ) ಮೇಲ್ಮನವಿಗೆ ಅರ್ಹವಾದದ್ದು ಕೇಂದ್ರದ ಪತ್ರವಲ್ಲ, ಅದರ ಮೇಲೆ ರಾಜ್ಯ ಸರ್ಕಾರ ಹೊರಡಿಸುವ ಅಂತಿಮ ಆದೇಶ. ಕೇಂದ್ರದ ಪತ್ರ ಹಿಡಿದು ಹೋದ ಅರ್ಜಿಗೆ ನೆಲೆ ಇರುವುದಿಲ್ಲ. ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳು 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111ರ ಪಟ್ಟಿಯಲ್ಲಿವೆ. ಅಲ್ಲಿ ಹೂಳೆತ್ತುವಾಗ 'ನಿರ್ವಹಣಾ ಹೂಳೆತ್ತುವಿಕೆಗೆ ಅನುಮತಿ ಬೇಡ' ಎಂದರೆ, ಮೂಲ ಪ್ರಸ್ತಾವಕ್ಕೆ ಅನುಮತಿ ಸಿಕ್ಕಿದ್ದಾಗ ಮಾತ್ರ ಆ ವಿನಾಯಿತಿ ಎಂಬ ಅಧಿಸೂಚನೆಯ ಷರತ್ತನ್ನು ಓದಿ ಹೇಳಿ.

ಅರ್ಜಿ ಬರೆಯುವುದು ಇಷ್ಟರ ಮುಂದೆ ಸಣ್ಣ ಕೆಲಸ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ಪರಿಹಾರ ಕೇಳಿದರೆ ಆ ಮೊತ್ತದ ಶೇ 1. ಕನ್ನಡ ದಾಖಲೆಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಹಣ, ಸಮಯ ಹೋಗುವುದು ಇಲ್ಲೇ, ಆದ್ದರಿಂದ ಕಡತ ಪೂರ್ತಿ ಬೇಡ, ಬೇಕಾದ ಪುಟಗಳನ್ನು ಆರಿಸಿ. 2011ರ ಎನ್‌ಜಿಟಿ ನಿಯಮ 14ರ ಪ್ರಕಾರ ಒಂದು ಅರ್ಜಿಗೆ ಒಂದೇ ವ್ಯಾಜ್ಯಕಾರಣ. ಅರಣ್ಯ, ಪರಿಸರ ಅನುಮತಿ, ಕಲ್ಲುಗಣಿ, ಮಣ್ಣು ಸುರಿದದ್ದು ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಅದೇ ಆಕ್ಷೇಪವಾಗುತ್ತದೆ. ಪ್ರತಿವಾದಿಗಳಲ್ಲಿ ಗುತ್ತಿಗೆದಾರರನ್ನೂ ಸೇರಿಸಿ, ಇಲ್ಲದಿದ್ದರೆ ತಡೆಯಾಜ್ಞೆ ಸಿಕ್ಕ ಮರುವಾರ 'ನಮ್ಮ ಮಾತು ಕೇಳಲೇ ಇಲ್ಲ' ಎಂದು ಬರುತ್ತಾರೆ. ಕೆಲಸ ಮುಗಿದ ಮೇಲೆ ಕೊಡುವ ಅನುಮತಿಯ ಬಗ್ಗೆ ಒಂದು ಎಚ್ಚರಿಕೆ: ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ವನಶಕ್ತಿ ಪ್ರಕರಣದಲ್ಲಿ ಅದನ್ನು ನಿಷೇಧಿಸಿ, ನವೆಂಬರ್‌ನಲ್ಲಿ 2:1 ಬಹುಮತದಲ್ಲಿ ಆ ತೀರ್ಪನ್ನೇ ಹಿಂದಕ್ಕೆ ಪಡೆಯಿತು. ಮೇ ತೀರ್ಪೊಂದನ್ನೇ ನೆಚ್ಚಿ ಬರೆಯಬೇಡಿ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ನೀರು ಬೇಕು ಎಂಬುದನ್ನು ಅರ್ಜಿಯಲ್ಲೇ ಒಪ್ಪಿಕೊಂಡು ಪರ್ಯಾಯ ಬರೆಯಿರಿ. ಅದನ್ನು ಬಿಟ್ಟರೆ ಎದುರಿನವರು ನಿಮ್ಮನ್ನು ಬಾಯಾರಿದವರ ವೈರಿಗಳನ್ನಾಗಿ ಮಾಡುತ್ತಾರೆ.

ಮೊದಲ ವಿಚಾರಣೆಯಲ್ಲಿ ಪೀಠ ಜಂಟಿ ಸಮಿತಿ ನೇಮಿಸುವ ಸಂಭವ ಹೆಚ್ಚು: ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ, ಅರಣ್ಯ ಇಲಾಖೆ. ಪ್ರಕರಣ ಒಳಗಿಂದೊಳಗೆ ತೀರ್ಮಾನವಾಗುವುದು ಆ ವರದಿಯಲ್ಲಿ. ಸ್ಥಳ ಪರಿಶೀಲನೆಗೆ ಮುನ್ಸೂಚನೆ ಕೊಡಬೇಕೆಂದು ಆದೇಶದಲ್ಲೇ ಬರೆಸಿಕೊಳ್ಳಿ. ಅಂದು ಅಕ್ಷಾಂಶ-ರೇಖಾಂಶದ ಪಟ್ಟಿಯೊಂದಿಗೆ ಹೋಗಿ ಲಿಖಿತ ಜ್ಞಾಪನ ಕೊಟ್ಟು ಸ್ವೀಕೃತಿ ಪಡೆಯಿರಿ. ಇಲ್ಲದಿದ್ದರೆ ಜೀಪು ಟಾರು ರಸ್ತೆಯ ಬದಿಯಲ್ಲೇ ನಿಂತು ವಾಪಸಾಗುತ್ತದೆ. ವರದಿ ಸಲ್ಲಿಕೆಯಾದ ಕೂಡಲೇ ಆಕ್ಷೇಪಣೆ ಹಾಕಲು ಸಮಯ ಕೇಳಿ. ಆ ಅವಕಾಶ ಕೊಡದೆ ವರದಿಯ ಮೇಲೆ ಆದೇಶ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸಿಂಗ್ರೌಲಿ ಉಷ್ಣ ವಿದ್ಯುತ್ ಸ್ಥಾವರದ ಪ್ರಕರಣದಲ್ಲಿ ಹೇಳಿದೆ.

ಆದೇಶ ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಸೋತರೆ ಸೆಕ್ಷನ್ 22ರಡಿ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ. ಗೆದ್ದರೆ ಅಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಎಂಬ ಮುನ್ನರ್ಜಿ) ಸಲ್ಲಿಸಿ. ಅದಕ್ಕೂ 90 ದಿನಗಳ ಆಯಸ್ಸು, ಆಮೇಲೆ ಹೊಸದು ಹಾಕಬೇಕು. ತಡೆಯಾಜ್ಞೆ ಇದ್ದೂ ಕೆಲಸ ನಡೆದರೆ ದಿನಾಂಕವಿರುವ ಫೋಟೊ ಸಮೇತ ಸೆಕ್ಷನ್ 25ರಡಿ ಜಾರಿ ಅರ್ಜಿ ಹಾಕಿ. ಅನುಮತಿಯ ಷರತ್ತುಗಳ ಪಾಲನಾ ವರದಿಯನ್ನು ಯೋಜನೆ ನಡೆಸುವವರು ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು; ಅದನ್ನು ತಪ್ಪದೆ ತರಿಸಿಕೊಂಡು ಸ್ಥಳದೊಂದಿಗೆ ತಾಳೆ ನೋಡಿ.