ನನ್ನ ನೋವಾ ಕಾರಿಗೆ ಶಿಫ್ಟ್ ಕಿಟ್ ಆರಿಸಿದ್ದು ಹೀಗೆ

ನನ್ನದು 1972ರ ಶೆವ್ರೊಲೆ ನೋವಾ. 350 ವಿ8 ಎಂಜಿನ್, ಟರ್ಬೊ 350 ಗೇರ್‌ಬಾಕ್ಸ್, ಮೂರು ಗೇರಿನ ಆಟೋಮ್ಯಾಟಿಕ್. ಡೆಟ್ರಾಯಿಟ್ ಹತ್ತಿರ ಇದ್ದೇನೆ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ, ಹಾಗಾಗಿ ಕಾರು ಗ್ಯಾರೇಜ್ ಬಿಟ್ಟು ಹೊರಗೆ ಬರೋದಿಲ್ಲ. ರಿಪೇರಿಗೆ ಅದೇ ಸರಿಯಾದ ಸಮಯ.

ಒಂದರಿಂದ ಎರಡಕ್ಕೆ ಗೇರ್ ಬೀಳುವುದು ತೀರಾ ಸೋಮಾರಿಯಾಗಿತ್ತು. ಕಂಪನಿಯವರು ಬೇಕಂತಲೇ ಹಾಗೆ ಮಾಡಿರುತ್ತಾರೆ. ಗೇರ್‌ಬಾಕ್ಸ್ ಒಳಗಿನ ಕ್ಲಚ್‌ಗೆ ಆಯಿಲ್ ಒತ್ತಡ ನಿಧಾನವಾಗಿ ಹೋದರೆ ಕೂತವರಿಗೆ ಗೇರ್ ಬದಲಾಗಿದ್ದೇ ಗೊತ್ತಾಗಲ್ಲ. ಆದರೆ ಅಷ್ಟು ಹೊತ್ತು ಕ್ಲಚ್ ಜಾರುತ್ತದೆ, ಜಾರಿದಷ್ಟೂ ಬಿಸಿ. ಶಿಫ್ಟ್ ಕಿಟ್ ಅಂದರೆ ಇದನ್ನು ಸರಿಪಡಿಸುವ ಸಣ್ಣ ಬಿಡಿಭಾಗಗಳ ಡಬ್ಬಿ. ಅದು ಒಳಗಿನ ಸ್ಪ್ರಿಂಗ್ ಬದಲಾಯಿಸಿ ಒತ್ತಡ ಹೆಚ್ಚಿಸುತ್ತದೆ. ಆಯಿಲ್ ಹಾದುಹೋಗುವ ಸೆಪರೇಟರ್ ಪ್ಲೇಟ್ ಎಂಬ ತಗಡಿನ ತೂತನ್ನು ಡ್ರಿಲ್ ಮಾಡಿ ದೊಡ್ಡದು ಮಾಡುವುದರಿಂದ ಕ್ಲಚ್ ಬೇಗ ಹಿಡಿಯುತ್ತದೆ.

ಕಿಟ್ ಕೊಳ್ಳುವ ಮೊದಲು, ಎಂಜಿನ್ ಹೊರೆಗೆ ತಕ್ಕಂತೆ ಆಯಿಲ್ ಒತ್ತಡ ಹೊಂದಿಸುವ ವ್ಯಾಕ್ಯೂಮ್ ಮಾಡ್ಯುಲೇಟರ್‌ನ ಹೋಸ್ ಬಿಚ್ಚಿ ನೋಡಿದೆ. ಅದರೊಳಗೆ ಕೆಂಪು ಆಯಿಲ್ ಇದ್ದರೆ ಒಳಗಿನ ಡಯಾಫ್ರಮ್ ಹರಿದಿದೆ ಅಂತಲೇ ಅರ್ಥ. ಆಗ ಶಿಫ್ಟ್ ಕೆಟ್ಟಿದ್ದಕ್ಕೆ ಕಾರಣ ಅದೇ ಇರಬಹುದು, ಕಿಟ್ ಹಾಕಿದರೆ ದುಡ್ಡು ದಂಡ. ನನ್ನದು ಒಣಗಿತ್ತು. ಡಿಪ್‌ಸ್ಟಿಕ್ ಮೂಸಿದೆ, ಸುಟ್ಟ ವಾಸನೆ ಇರಲಿಲ್ಲ. ಸವೆದ ಕ್ಲಚ್ಚನ್ನು ಯಾವ ಕಿಟ್ಟೂ ಸರಿ ಮಾಡಲ್ಲ.

ಇನ್ನು ಆಯ್ಕೆ. ಫುಲ್ ಮ್ಯಾನ್ಯುವಲ್ ಕಿಟ್ ಹಾಕಿದರೆ ಗೇರ್ ತಾನಾಗಿ ಬೀಳೋದೇ ಇಲ್ಲ, ಪ್ರತಿ ಸಲ ನೀವೇ ಹಾಕಬೇಕು. ಡ್ರ್ಯಾಗ್ ರೇಸ್‌ಗೆ ಸರಿ. ನಾನು ಹೋಗೋದು ಆಗಸ್ಟ್‌ನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ. ಅಲ್ಲಿ ಹಳೇ ಕಾರುಗಳು ಆಮೆ ನಡಿಗೆಯಲ್ಲಿ ಸಾಗುತ್ತವೆ. ಆ ಟ್ರಾಫಿಕ್‌ನಲ್ಲಿ ಲಿವರ್ ಎಳೆಯುತ್ತಾ ಕೂರೋದು ಯಾರಿಗೆ ಬೇಕು? ಒಂದೇ ಡಬ್ಬಿಯಲ್ಲಿ ಎರಡು ಹಂತಕ್ಕೂ (ಮೊದಲನೇದು ಸಾಧಾರಣ ಬಿಗಿ, ಎರಡನೇದು ಇನ್ನೂ ಬಿಗಿ) ಆಗುವ ಕಿಟ್ ತಗೊಂಡು ಮೊದಲ ಹಂತಕ್ಕೆ ನಿಲ್ಲಿಸಿದೆ. ತೂತನ್ನು ನಾಳೆ ದೊಡ್ಡದು ಮಾಡಬಹುದು, ಚಿಕ್ಕದು ಮಾಡೋಕಾಗಲ್ಲ ಅಲ್ವಾ? ಊರಿಂದ ಅಪ್ಪ ಅಮ್ಮ ಬಂದರೆ ಅವರೂ ಇದೇ ಕಾರಲ್ಲಿ ಕೂರಬೇಕು.

ಆರ್ಡರ್ ಮಾಡುವ ಮುಂಚೆ ಕಾರಿನ ಕೆಳಗೆ ಒಮ್ಮೆ ನುಸುಳಿ ನೋಡಿ. ಐವತ್ತು ವರ್ಷದ ಕಾರಲ್ಲಿ ಹಳೇ ಓನರ್ ಯಾವ ಗೇರ್‌ಬಾಕ್ಸ್ ಕೂರಿಸಿದ್ದಾನೋ ಯಾರು ಬಲ್ಲರು. ಟರ್ಬೊ 350 ಕೆಳಗಿನ ಆಯಿಲ್ ಪ್ಯಾನ್ ಚೌಕವಾಗಿರುತ್ತದೆ, ಒಂದು ಮೂಲೆ ಕತ್ತರಿಸಿದ ಹಾಗೆ, 13 ಬೋಲ್ಟ್.

ಪ್ಯಾನಿಗೆ ಡ್ರೇನ್ ಪ್ಲಗ್ ಇಲ್ಲ. ಒಂದು ಬದಿಯ ಬೋಲ್ಟ್ ಸಡಿಲಿಸಿ ಓರೆ ಮಾಡಿ ಆಯಿಲ್ ಇಳಿಸಿದೆ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪುಡಿ ಇತ್ತು, ಅದು ಮಾಮೂಲಿ. ಚೂರುಗಳು ಸಿಕ್ಕಿದ್ದರೆ ಕಿಟ್ ಪಕ್ಕಕ್ಕಿಟ್ಟು ಗೇರ್‌ಬಾಕ್ಸ್ ಇಳಿಸುತ್ತಿದ್ದೆ. ಪ್ಲೇಟ್ ಕೆಳಗೆ ತೆಗೆದಾಗ ಆಯಿಲ್ ದಾರಿ ತಡೆಯುವ ಸ್ಟೀಲ್ ಚೆಕ್ ಬಾಲ್‌ಗಳು ಉರುಳುತ್ತವೆ, ಮೊದಲೇ ಫೋಟೋ ಬೇಕು. ವಾಪಸ್ ಕೂರಿಸುವಾಗ ಬೀಳದಿರಲಿ ಅಂತ ಅವಕ್ಕೆ ವ್ಯಾಸಲೀನ್ ಹಚ್ಚಿದೆ, ಬಿಸಿಗೆ ಆಯಿಲ್‌ನಲ್ಲಿ ಕರಗಿ ಹೋಗುತ್ತದೆ. ಗ್ರೀಸ್ ಬೇಡವೇ ಬೇಡ. ಡ್ರಿಲ್ ಮಾಡಿದ ತೂತಿನ ಅಂಚನ್ನು ಸಣ್ಣ ಅರದಿಂದ ಉಜ್ಜಿ, ಉಗುರು ಆಡಿಸಿ ನೋಡಿದೆ. ಹೊಸ ಗ್ಯಾಸ್ಕೆಟ್‌ಗಳನ್ನು ಹಳೇದರ ಮೇಲಿಟ್ಟು ತೂತಿಗೆ ತೂತು ಹೋಲಿಸಿದೆ.

ಈಗ ಮೆಲ್ಲಗೆ ಓಡಿಸಿದರೆ ಹೆಚ್ಚೇನೂ ಗೊತ್ತಾಗಲ್ಲ. ಅರ್ಧ ತುಳಿದರೆ ಎರಡನೇ ಗೇರ್ ಟಕ್ ಅಂತ ಬೀಳುತ್ತದೆ. ಎರಡನೇ ಹಂತದ ಸ್ಪ್ರಿಂಗ್‌ಗಳು ಡಬ್ಬಿಯಲ್ಲೇ ಇವೆ, ಸದ್ಯಕ್ಕೆ ಬೇಕಿಲ್ಲ.